ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ: ಆಫರ್ ಲೆಟರ್ ಕೊಟ್ಟು ಕೈಕೊಟ್ಟವರು ನಷ್ಟ ಕಟ್ಟಿಕೊಡಲಿ

ಮಾನ್ಯ ಸಚಿವರೇ,

ನಮಸ್ಕಾರ. ಮೈಸೂರಿನ ವಿಜಯನಗರದಿಂದ ಬರೆಯುತ್ತಿದ್ದೇನೆ. ಇಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರ ಆಫರ್ ಲೆಟರ್ ನಂಬಿ ಪುಣೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ ಬಂದವನು ನಾನು. ಮಗಳ ಟಿಸಿ ತೆಗೆಸಿ ಇಲ್ಲಿ ಹೊಸದಾಗಿ ಫೀಸು ಕಟ್ಟಿದೆ. ಮನೆಗೆ ಅಡ್ವಾನ್ಸ್, ಬ್ರೋಕರ್‌ಗೆ ಕಮಿಷನ್, ಸಾಮಾನು ತಂದ ಲಾರಿಗೆ ಬಾಡಿಗೆ. ಮಂಡ್ಯದಲ್ಲಿರುವ ಅಪ್ಪ-ಅಮ್ಮನಿಗೆ ಹತ್ತಿರವಾದೆವಲ್ಲ ಅಂತ ಖುಷಿಯಾಗಿಯೇ ಹಾಲು ಉಕ್ಕಿಸಿದೆವು.

ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಮೇಲ್ ಬಂತು: ಪ್ರಾಜೆಕ್ಟ್ ಕೈತಪ್ಪಿದೆ, ಹುದ್ದೆ ರದ್ದು. ಬೆಳಿಗ್ಗೆ ಗೇಟಿಗೆ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ಆದರೆ ಅದೇ ವಾರ ಅದೇ ಕಂಪನಿಯಿಂದ ಕೊರಿಯರ್‌ನಲ್ಲಿ ವೆಲ್‌ಕಮ್ ಕಿಟ್ ಬಂತು! ಒಂದು ಬ್ಯಾಗು, ನೀರಿನ ಬಾಟಲಿ, 'ನಮ್ಮ ಕುಟುಂಬಕ್ಕೆ ಸ್ವಾಗತ' ಅನ್ನೋ ಕಾರ್ಡು. ರದ್ದು ಮಾಡುವವರಿಗೂ ಸ್ವಾಗತಿಸುವವರಿಗೂ ಮಾತುಕತೆ ಇಲ್ಲವೇನೋ. ಸಹಿ ಹಾಕಿ ಇಟ್ಟುಕೊಂಡೆ. ಸಂಬಳವಂತೂ ಇಲ್ಲ, ಬಾಟಲಿಯಾದರೂ ಇರಲಿ.

ಕಾನೂನು ನಿಮಗೆ ತಿಳಿಯದ್ದೇನಲ್ಲ. ಸೇರದವನು ಕಾರ್ಮಿಕನೇ ಅಲ್ಲ, ಆದ್ದರಿಂದ ವಜಾ ಆಗಿದ್ದೂ ಅಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ, ಕೆಲಸ ಕೊಡಲೇಬೇಕೆಂದು ಖಾಸಗಿ ಕಂಪನಿಯನ್ನು ಕೋರ್ಟು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಉಳಿದದ್ದು 1872ರ ಕರಾರು ಕಾಯ್ದೆಯ 73ನೇ ಕಲಂ, ಅಂದರೆ ಕರಾರು ಮುರಿದವರಿಂದ ನಷ್ಟ ಪರಿಹಾರ. ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬೇಕು. ಮೇಲ್, ರಿಲೀವಿಂಗ್ ಲೆಟರ್, ಲಾರಿ ರಸೀದಿ ಎಲ್ಲ ಎತ್ತಿಡಿ, ಮೊದಲು ಲೀಗಲ್ ನೋಟಿಸ್ ಕಳಿಸೋಣ ಅಂದರು ವಕೀಲರು. ಆಮೇಲೆ ಕನ್ನಡಕ ಒರೆಸುತ್ತಾ, "ಯಾವಾಗ ಬೇಕಾದರೂ ಆಫರ್ ಹಿಂಪಡೆಯಬಹುದು ಅನ್ನೋ ಷರತ್ತು ಇದೆಯಾ ನೋಡಿ" ಅಂದರು. ಇದೆ. ಇಲ್ಲದೆ ಇರುತ್ತದೆಯೇ?

ಅದೇ ಪತ್ರದಲ್ಲಿ, ನಾನು ಬಿಡುವುದಾದರೆ ಮೂರು ತಿಂಗಳ ನೋಟಿಸ್ ಕೊಡಬೇಕು, ಇಲ್ಲವಾದರೆ ಅಷ್ಟು ಸಂಬಳ ಕಟ್ಟಬೇಕು ಅಂತಲೂ ಇದೆ. ನನಗೆ ಮೂರು ತಿಂಗಳು, ಅವರಿಗೆ ಒಂದು ಸಂಜೆ!

ಸ್ವಾಮಿ, ಆಫರ್ ಕೊಟ್ಟು ಹಿಂಪಡೆದವರು ನೋಟಿಸ್ ಅವಧಿಯ ಸಂಬಳ, ಊರು ಬದಲಿಸಿದ ಖರ್ಚು ಕೊಡಲೇಬೇಕು ಅಂತ ನಿಯಮ ಮಾಡಿ. ಕೆಲಸದ ಷರತ್ತುಗಳನ್ನು ಮಾಲೀಕರು ಸ್ಪಷ್ಟವಾಗಿ ಬರೆದಿಡಬೇಕು ಅನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ 2024ರಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಡುವುದಕ್ಕೆ ಸರ್ಕಾರಕ್ಕೆ ಪುರುಸೊತ್ತಿತ್ತು. ಇದಕ್ಕೂ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ. ವರ್ಷಗಟ್ಟಲೆ ಸಿವಿಲ್ ಕೋರ್ಟಿಗೆ ಅಲೆಯುವ ಶಕ್ತಿ ಕೆಲಸ ಕಳೆದುಕೊಂಡವನಿಗೆ ಎಲ್ಲಿಂದ ಬರಬೇಕು? ಕಟ್ಟಿಕೊಡಲಿ ಅನ್ನುವುದೊಂದೇ ನನ್ನ ಬೇಡಿಕೆ.

ಉತ್ತರವನ್ನು ಇದೇ ವಿಳಾಸಕ್ಕೆ ಕಳಿಸಿ. ಮನೆ ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು, ಅಲ್ಲಿಯವರೆಗೆ ಇಲ್ಲೇ ಇರುತ್ತೇವೆ.

ಇಂತಿ,
ಮೈಸೂರಿಗೆ ಕೆಲಸಕ್ಕೆಂದು ಬಂದವನು