ಮಡಿಕೇರಿಯಿಂದ ಗೆಳೆಯನಿಗೊಂದು ಪತ್ರ: ಮೋಟಿಫ್ ಹುಡುಕುವ ಮಕ್ಕಳು

ಪ್ರೀತಿಯ ಗೆಳೆಯಾ,

ನಿನ್ನ ಶಾಲೆಯಲ್ಲೂ ಮಕ್ಕಳ ಆರ್ಕೆಸ್ಟ್ರಾ ಶುರುವಾಯಿತು ಅಂತ ಓದಿ ತುಂಬಾ ಖುಷಿಯಾಯಿತು. ಮೋಟಿಫ್, ಅಂದರೆ ಕೃತಿಯಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ, ಅದನ್ನು ಗುರುತಿಸುವುದನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀಯ ಅಂತ ಕೇಳಿದ್ದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಗುಂಪು ಮಾಡು. ಪಿಟೀಲಿನವರನ್ನೆಲ್ಲ ಒಂದೇ ಕಡೆ ಕೂರಿಸಬೇಡ. ಒಂದನೇ ಪಿಟೀಲು, ಎರಡನೇ ಪಿಟೀಲು, ಪಿಟೀಲಿಗಿಂತ ತುಸು ದೊಡ್ಡ ವಿಯೋಲಾ, ಇನ್ನೂ ದೊಡ್ಡ ಚೆಲ್ಲೋ, ಒಂದೊಂದರಿಂದ ಒಬ್ಬೊಬ್ಬರಿರಲಿ. ಆರ್ಕೆಸ್ಟ್ರಾದಲ್ಲಿ ಮಗುವಿನ ಎದುರು ಇರುವುದು ತನ್ನ ವಾದ್ಯದ ಹಾಳೆ ಮಾತ್ರ. ಒಂದು ಮೋಟಿಫ್ ವಾದ್ಯದಿಂದ ವಾದ್ಯಕ್ಕೆ ದಾಟುವುದು ನಾಲ್ಕು ಹಾಳೆ ಒಟ್ಟಿಗಿಟ್ಟಾಗಲೇ ಕಾಣುವುದು.

ಇಲ್ಲಿ ಕೊಡವರ ಕಕ್ಕಡ ತಿಂಗಳ ಮಳೆ ಶೀಟಿನ ಮಾಡಿನ ಮೇಲೆ ಬೀಳತೊಡಗಿದರೆ ಚೆಲ್ಲೋ ಸದ್ದೂ ಕೇಳಿಸುವುದಿಲ್ಲ. ಅಂಥ ದಿನಗಳೇ ಇದಕ್ಕೆ ಸರಿ. ವಾದ್ಯ ಪೆಟ್ಟಿಗೆಯಲ್ಲಿರಲಿ, ಕೈಗೆ ಬಣ್ಣದ ಪೆನ್ಸಿಲ್ ಕೊಡು.

ನಾನು ಆರಿಸಿಕೊಂಡದ್ದು ಬೀಥೋವನ್‌ನ ಐದನೇ ಸಿಂಫನಿ, ನಾಲ್ಕು ಭಾಗಗಳ ಆರ್ಕೆಸ್ಟ್ರಾ ಕೃತಿ, 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು. ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಶುರುವಿನಲ್ಲೇ ಪ ಪ ಪ ಗ, ಆಮೇಲೆ ಮ ಮ ಮ ರಿ. ಮೂರು ಗಿಡ್ಡ, ಒಂದು ಉದ್ದ. ಇದನ್ನು ಚಪ್ಪಾಳೆಯಲ್ಲಿ ಹಾಕಿಸಿ, "ಇದು ಎಲ್ಲೆಲ್ಲಿದೆ, ಹುಡುಕಿ" ಅಂತ ಬಿಟ್ಟುಬಿಡು.

ಜಗಳ ಹತ್ತುವುದು ಆರನೇ ಬಾರ್‌ನಿಂದ, ಅಂದರೆ ಹಾಳೆಯಲ್ಲಿ ಅಡ್ಡಗೆರೆ ಹಾಕಿ ಬೇರ್ಪಡಿಸಿದ ಆರನೇ ಮನೆಯಿಂದ. ಎರಡನೇ ಪಿಟೀಲು ಪ ಪ ಪ ಗ ಅನ್ನುತ್ತದೆ, ಹಿಂದೆಯೇ ವಿಯೋಲಾ ದ ದ ದ ಪ, ಅದರ ಹಿಂದೆ ಒಂದನೇ ಪಿಟೀಲು ಗ ಗ ಗ ಸ. ನಮ್ಮಲ್ಲಿ ಚೆಲ್ಲೋ ಹುಡುಗ ವಿಯೋಲಾದ್ದನ್ನು ಒಪ್ಪಲೇ ಇಲ್ಲ: "ಅಲ್ಲಿ ಒಂದು ಸ್ವರ ಹಾರಿ ಇಳಿಯಿತು, ಇಲ್ಲಿ ಪಕ್ಕದ ಸ್ವರಕ್ಕೇ ಇಳಿದಿದೆ, ಅದು ಹೇಗೆ ಒಂದೇ ಆಗುತ್ತದೆ?" ಎಷ್ಟು ಒಳ್ಳೆಯ ಪ್ರಶ್ನೆ ನೋಡು! ನಾನು ಬಾಯಿ ಬಿಡಲಿಲ್ಲ. ವಿಯೋಲಾ ಹುಡುಗಿಯೇ ಮೇಜು ಕುಟ್ಟಿ ತೋರಿಸಿದಳು, "ಸ್ವರ ಬಿಡು, ನಡೆ ಕೇಳು. ಐನ್‌ಮನೆಗೆ, ಕುಟುಂಬದ ಮೂಲಮನೆಗೆ, ಬಂದ ಮಕ್ಕಳನ್ನು ಹಿರಿಯರು ಮುಖ ನೋಡಿಯೇ ಇಂಥವರ ಮಗು ಅನ್ನುವುದಿಲ್ಲವಾ, ಹಾಗೆ." ಅವರ ತೀರ್ಮಾನ ಗಟ್ಟಿಯೋ ಅಂತ ನೋಡಲು ಮೂರನೇ ಭಾಗದ ಹಾರ್ನ್ (ಊದುವ ಹಿತ್ತಾಳೆ ವಾದ್ಯ) ಕೇಳಿಸಿದೆ. ಅಲ್ಲಿ ಶುರುವಿಗೆ ಒಂದೇ ಸ್ವರವನ್ನು ಮೂರು ಗಿಡ್ಡ, ಒಂದು ಉದ್ದ ಊದುತ್ತಾರೆ, ಇಳಿತವೇ ಇಲ್ಲ. ಆದರೂ ಹುಡುಗ ತಕ್ಷಣ ಕೈ ಎತ್ತಿದ.

ಅವನಿಗೇ ಇನ್ನೊಂದೂ ಸಿಕ್ಕಿತು. ಮೊದಲ ಭಾಗದಲ್ಲಿ ಪಿಟೀಲು ಮೆತ್ತಗೆ ಎರಡನೇ ರಾಗ ಹಾಡುವಾಗ ಕೆಳಗೆ ಚೆಲ್ಲೋ, ಅದಕ್ಕಿಂತಲೂ ದೊಡ್ಡ ಡಬಲ್ ಬಾಸ್‌ಗಳು ಅದೇ ಮೂರು ಗಿಡ್ಡ ಒಂದು ಉದ್ದವನ್ನು ನುಡಿಸುತ್ತಿರುತ್ತವೆ. ಅಷ್ಟು ದಿನ ಬರೀ ಸಾಥ್ ಅಂದುಕೊಂಡಿದ್ದ ಸಾಲು ಅದು. ಮಳೆ ಬಿಟ್ಟ ಮೇಲೆ ಅವನು ಅದನ್ನು ನುಡಿಸಿದ್ದೇ ಬೇರೆ ಥರ. ಬಿಲ್ಲಿಗೆ ತೂಕ ಬಂದಿತ್ತು. ನನಗೆ ಬೇಕಿದ್ದದ್ದು ಅದೇ.

ಮೋಟಿಫ್ ಇರುವವರಷ್ಟೇ ನುಡಿಸಿ, ಉಳಿದವರು ಸುಮ್ಮನಿದ್ದು ಕೇಳುವ ಹಾಗೆಯೂ ಒಮ್ಮೆ ಮಾಡಿಸು. ವೇಗ ಅರ್ಧಕ್ಕಿಳಿಸು, ಇಲ್ಲದಿದ್ದರೆ ಚಿಕ್ಕವರಿಗೆ ಸಿಗುವುದಿಲ್ಲ.

ವಿಯೋಲಾ ಸಾಲಿನ ಬಗ್ಗೆ ನಿನ್ನ ಮಕ್ಕಳು ಏನನ್ನುತ್ತಾರೋ, ತಪ್ಪದೆ ಬರೆ.

ನಿನ್ನ ಗೆಳೆಯ