ಇ-ಪುಸ್ತಕ ಎಷ್ಟಿದೆ ಅಂತಾರೆ, ಮನೇಲಿ ತೆರೀತದಾ ಅಂತ ಯಾರೂ ಕೇಳೂದಿಲ್ಲ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಕಾಲೇಜಿನ ಡಿಜಿಟಲ್ ಲೈಬ್ರರಿ ಉದ್ಘಾಟನೆ ಫೋಟೊ ನೋಡ್ದೆ. ಟೇಪು ಕತ್ತರಿಸ್ತಾ ಇರೋ ಅತಿಥಿಗಳು, ಕೆಳಗೆ ಲಕ್ಷಗಟ್ಲೆ ಇ-ಪುಸ್ತಕ ಲಭ್ಯ ಅಂತ ಸಾಲು. ನಾನು ಕುಮಟಾ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಲೈಬ್ರರಿಯನ್ ಆಗಿದ್ದು ಹೋದ್ವರ್ಷ ರಿಟೈರ್ ಆದವ್ಳು. ಇಂಥದ್ದೇ ಫೋಟೊದಲ್ಲಿ ನಾನೂ ಒಂದ್ಸಲ ಹಿಂದಿನ ಸಾಲಲ್ಲಿ ನಿಂತಿದ್ದೆ, ಹಾಗಾಗಿ ಬೈಯೂಕೆ ಬರೀತಾ ಇಲ್ಲ.

ಮೊದಲು ಆ ಲಕ್ಷದ ಲೆಕ್ಕ. ಗುಜರಾತಿನ ಗಾಂಧಿನಗರದಲ್ಲಿ ಕಾಲೇಜು-ವಿಶ್ವವಿದ್ಯಾಲಯದ ಲೈಬ್ರರಿಗಳಿಗಾಗಿ ಇರೋ ಇನ್‌ಫ್ಲಿಬ್‌ನೆಟ್ ಅನ್ನೋ ಕೇಂದ್ರ ನಡೆಸೋ ಎನ್-ಲಿಸ್ಟ್ ಅಂತ ಒಂದು ಆನ್‌ಲೈನ್ ಪುಸ್ತಕ ಯೋಜನೆ ಇದೆ, 2010ರಿಂದ ಇದೆ, ವರ್ಷಕ್ಕೆ ಕೆಲವು ಸಾವಿರ ಕಟ್ಟಿದ್ರೆ ಅನುದಾನಿತ ಕಾಲೇಜಿಗೂ ಲಕ್ಷದ ಮೇಲೆ ಇ-ಪುಸ್ತಕ ಸಿಗ್ತದೆ. ಒಳ್ಳೇದೇ, ಒಬ್ಬೊಬ್ರಿಗೂ ಬೇರೆ ಯೂಸರ್ ಐಡಿ ಕೊಡ್ತಾರೆ, ಮನೇಲೇ ಕೂತು ತೆರೀಬಹುದು. ಆದ್ರೆ ಬಹುತೇಕ ಇಂಗ್ಲಿಷಿನ ರೆಫರೆನ್ಸ್ ಪುಸ್ತಕ, ನಮ್ಮ ಬಿಕಾಂ ಮಕ್ಳಿಗೆ ಬೇಕಾದ ಟೆಕ್ಸ್ಟ್ ಬುಕ್ಕು ಅದ್ರಲ್ಲಿ ಹುಡುಕಿದ್ರೂ ಸಿಗೂದು ಕಷ್ಟ, ಕನ್ನಡದ್ದಂತೂ ಬಿಡಿ. ಅದಕ್ಕೆ ನಾವು ಬೇರೆ ಒಂದು ಕಂಪನಿಯ ಟೆಕ್ಸ್ಟ್ ಬುಕ್ ಪ್ಯಾಕೇಜು ತಗೊಂಡ್ವಿ. ಲೈಬ್ರರಿ ಕಮಿಟಿ ಮೀಟಿಂಗು, ಮೂರು ಕೊಟೇಶನ್ನು, ಕಡಿಮೆ ರೇಟು ಯಾರದ್ದೋ ಅವ್ರಿಗೆ ಆರ್ಡರ್ರು, ಕಾಲೇಜಿಗೆ ಗ್ರೇಡ್ ಕೊಡೂಕೆ ಬರೋ ನ್ಯಾಕ್‌ನವ್ರಿಗೆ ತೋರ್ಸೂಕೆ ಸಂಖ್ಯೆಯೂ ಚಂದ ಕಾಣ್ತಿತ್ತು. ಲೈಸೆನ್ಸಿನ ಕಾಗದ ನಾನು ಪೂರ್ತಿ ಓದ್ಲಿಲ್ಲ. ತಪ್ಪು ನಂದೇ.

2024ರ ಜುಲೈ 16ಕ್ಕೆ ಕುಮಟಾ-ಅಂಕೋಲಾ ನಡುವಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಆಗ ಈ ಕಾಗದ ನೆನಪಾಯ್ತು. ಅಲ್ಲಿ ಹೋದ ಜೀವಗಳ ಮುಂದೆ ಪುಸ್ತಕದ ಮಾತು ಸಣ್ಣದು, ಗೊತ್ತು. ಆದ್ರೆ ಅಂಕೋಲಾ ಕಡೆಯಿಂದ ಬಸ್ಸಿಗೆ ಬರೋ ನಮ್ಮ ಮಕ್ಳು ಎಷ್ಟೋ ದಿನ ಆಚೆಯೇ ಉಳ್ಕೊಂಡ್ರು, ಅದ್ರಲ್ಲಿ ಒಬ್ಳು ಹುಡುಗಿ ನೆಟ್ವರ್ಕ್ ಸಿಗ್ಲಿ ಅಂತ ಪಕ್ಕದ ಮನೆ ತಾರಸಿ ಹತ್ತಿ, ಕೊಡೆ ಹಿಡ್ಕೊಂಡು ಫೋನ್ ಮಾಡಿದ್ಲು, ಮಳೆ ಸದ್ದಿಗೆ ಅರ್ಧ ಕೇಳ್ತಿರ್ಲಿಲ್ಲ. "ಮೇಡಂ, ಕಾಸ್ಟ್ ಅಕೌಂಟಿಂಗ್ ಬುಕ್ಕು ಓಪನ್ನೇ ಆಗ್ತಿಲ್ಲ, ಆಕ್ಸೆಸ್ ಇಲ್ಲ ಅಂತ ತೋರಿಸ್ತದೆ." ಕಂಪನಿಯವ್ರಿಗೆ ಕೇಳಿದ್ರೆ, ಅದು ಕ್ಯಾಂಪಸ್ ಐಪಿಗೆ, ಅಂದ್ರೆ ಕಾಲೇಜಿನ ನೆಟ್ಟಿಗೆ ಮಾತ್ರ ಮೇಡಂ, ಮನೆಯಿಂದ ಬೇಕಂದ್ರೆ ರಿಮೋಟ್ ಆಕ್ಸೆಸ್ ಬೇರೆ ತಗೋಬೇಕು ಅಂದ್ರು. ಅಂದ್ರೆ ಕಾಲೇಜಿಗೆ ಬರೂಕಾದವ್ರಿಗೆ ಮಾತ್ರ ಇ-ಪುಸ್ತಕ! ಸರಿ ಅಂತ ಲೈಬ್ರರಿ ಕಂಪ್ಯೂಟರಲ್ಲಿ ತೆರೆದೆ, ತೆರೀತು, ಪಕ್ಕದ ಕಂಪ್ಯೂಟರಲ್ಲೂ ನೋಡೋಣ ಅಂತ ಒತ್ತಿದ್ರೆ ಈಗ ಬೇರೆಯವ್ರು ಓದ್ತಾ ಇದ್ದಾರೆ ಅಂತ ಬಂತು. ಆ ಬೇರೆಯವ್ರು ನಾನೇ. ನಾವು ತಗೊಂಡಿದ್ದು ಒಂದ್ಸಲಕ್ಕೆ ಒಬ್ರೇ ಓದೋ ಲೈಸೆನ್ಸು. ಕಡಿಮೆ ರೇಟಿನ ಗುಟ್ಟು ಅದು.

ಕಡೆಗೆ ರ‍್ಯಾಕಲ್ಲಿದ್ದ ಹಳೇ ಎಡಿಷನ್ ತೆಗ್ದು, ಅಂಚು ಒರಲೆ ತಿಂದಿತ್ತು, ಬೇಕಾದ ಒಂದು ಪಾಠದ ಫೋಟೊ ಹೊಡ್ದು ವಾಟ್ಸಾಪ್ ಮಾಡ್ದೆ.

ವರ್ಷ ಮುಗಿದ ಮೇಲೆ ಇನ್ನೊಂದು ಫಜೀತಿ. ಹಣ ಇಲ್ಲ ಅಂತ ರಿನ್ಯೂ ಮಾಡ್ಲಿಲ್ಲ, ಪೂರ್ತಿ ಪ್ಯಾಕೇಜು ಮಾಯ. ಸ್ಟಾಕ್ ವೆರಿಫಿಕೇಷನ್ನಿಗೆ ಬಂದವ್ರು ಪುಸ್ತಕ ಎಲ್ಲಿ ಅಂದ್ರು, ನಾನು ಎಕ್ಸೆಲ್ ಶೀಟಿನ ಪ್ರಿಂಟ್ ಔಟ್ ಕೊಟ್ಟೆ, ಕೊಂಡ ಪ್ರತಿ ಪುಸ್ತಕಕ್ಕೂ ರಿಜಿಸ್ಟರಲ್ಲಿ ಹಾಕೋ ಅಕ್ಸೆಷನ್ ನಂಬರ್ ಎಲ್ಲಿ ಅಂದ್ರು, ಬಾಡಿಗೆ ಮನೆಗೆ ಪಹಣಿ ಎಲ್ಲಿಂದ ತರ್ಲಿ ಮಾರಾಯ್ರೆ. ಚಂದಾ ಕಟ್ಟೋದು ಬೇರೆ, ಪರ್ಪೆಚುವಲ್ ಅಂತ ಒಂದೇ ಸಲ ಕೊಟ್ಟು ಖರೀದಿ ಮಾಡೋದು ಬೇರೆ. ಎರಡನೇದ್ರಲ್ಲೂ ಕಂಪನಿ ಮುಚ್ಚಿದ್ರೆ ಎಂತ ಅಂತ ಬರವಣಿಗೇಲಿ ಕೇಳ್ಬೇಕು, ಮೈಕ್ರೋಸಾಫ್ಟಿನಂಥವ್ರೇ 2019ರಲ್ಲಿ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕವೂ ಹೋಯ್ತು, ದುಡ್ಡು ವಾಪಸ್ ಕೊಟ್ರು ಅನ್ನೂದು ಬೇರೆ ಮಾತು. ನಮ್ಮಲ್ಲಿ ತೆರಿಗೆ ಒಂದಿದೆ ಮೇಲಿಂದ, ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ರೂಪಕ್ಕೆ 5 ಪರ್ಸೆಂಟು.

ಈಗ ಲೈಬ್ರರಿಯಲ್ಲಿರೋ ತಮ್ಮ ತಂಗಿಯರಿಗೆ ನಾನು ಹೇಳೂದು ಇಷ್ಟೇ, ಆರ್ಡರ್ ಹಾಕೂಕಿಂತ ಮೊದ್ಲು ಟ್ರಯಲ್ ಕೇಳಿ, ಹೆಚ್ಚಿನವ್ರು ಕೊಡ್ತಾರೆ, ಆ ಟ್ರಯಲ್ಲನ್ನ ಪ್ರಿನ್ಸಿಪಾಲರ ಚೇಂಬರಲ್ಲಲ್ಲ, ಮನೆಗೆ ಹೋಗಿ ಮೊಬೈಲಲ್ಲಿ ನೋಡಿ. ಯೂಸೇಜ್ ರಿಪೋರ್ಟಲ್ಲಿ ಎಷ್ಟು ಜನ ಓದಿದ್ರು ಅಂತ ಮಾತ್ರ ಅಲ್ಲ, ಎಷ್ಟು ಜನ ತೆರೀಲಿಕ್ಕಾಗ್ದೆ ವಾಪಸ್ ಹೋದ್ರು ಅನ್ನೋ ಲೆಕ್ಕವೂ ಸಿಗ್ತದೆ, ಟರ್ನ್‌ಅವೇ ಅಂತಾರೆ, ಅದನ್ನ ಕೇಳಿ ತಗೊಳ್ಳಿ. ಕ್ಯಾಟಲಾಗಿಗೆ ಸೇರ್ಸೂಕೆ ಮಾರ್ಕ್ ರೆಕಾರ್ಡ್, ಅಂದ್ರೆ ಕಂಪ್ಯೂಟರ್ ಓದೋ ರೀತಿಯಲ್ಲಿರೋ ಪುಸ್ತಕದ ವಿವರ, ಕೊಡೂಕೆ ಹೇಳಿ, ಇಲ್ಲಾಂದ್ರೆ ಮಕ್ಳಿಗೆ ಪುಸ್ತಕ ಇದೆ ಅಂತ್ಲೇ ಗೊತ್ತಾಗೂದಿಲ್ಲ. ಸಾವಿರ ಪುಸ್ತಕದ ಪ್ಯಾಕೇಜಿಗಿಂತ ಬೇಡಿಕೆ ಇರೋ ಇಪ್ಪತ್ತು ಟೆಕ್ಸ್ಟ್ ಬುಕ್ಕನ್ನ ಎಷ್ಟು ಜನ ಬೇಕಾದ್ರೂ ಓದೋ ಲೈಸೆನ್ಸಲ್ಲಿ ತಗೊಂಡ್ರೆ ನನ್ನ ಪ್ರಕಾರ ಲಾಭ, ಸಿಗದಿದ್ರೆ ಅಚ್ಚಿನದ್ದೇ ನಾಲ್ಕು ಪ್ರತಿ.

ಮತ್ತೆ ನಿಮ್ಮಲ್ಲೊಂದು ವಿನಂತಿ. ಮುಂದಿನ ಸಲ ಇಂಥ ಉದ್ಘಾಟನೆಗೆ ನಿಮ್ಮ ವರದಿಗಾರರು ಹೋದ್ರೆ, ಕಾಲೇಜಿನ ವೈಫೈ ಆಫ್ ಮಾಡಿ ಇಬ್ರು ವಿದ್ಯಾರ್ಥಿಗಳ ಹತ್ರ ಒಂದೇ ಪುಸ್ತಕ ತೆರೆಸಿ ನೋಡ್ಲಿ, ಟೇಪಿನ ಫೋಟೊ ಆಮೇಲೆ ಹಾಕಿ.

ನಿವೃತ್ತ ಗ್ರಂಥಪಾಲಕಿ, ಕುಮಟಾ
(ಹೆಸರು ಹಾಕೂದು ಬೇಡ)