ಡಬ್ಬಿಯ ಮೇಲೆ ಬರೆಯದ ಮೈಕ್: ಗ್ರಾಹಕ ವ್ಯವಹಾರಗಳ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಾಡು ಕೇಳುವ ಪ್ಲೇಯರ್ ಆಗಲಿ, ಅಂಥದ್ದೇ ಬೇರೆ ಪುಟ್ಟ ಸಾಧನವಾಗಲಿ, ಅದಕ್ಕೆ ದನಿ ರೆಕಾರ್ಡ್ ಮಾಡುವ ಶಕ್ತಿ ಇದ್ದರೆ ಅದನ್ನು ಡಬ್ಬಿಯ ಮೇಲೆ ಬರೆಯಲೇಬೇಕು ಅನ್ನುವ ನಿಯಮ ತನ್ನಿ. ಆ ಶಕ್ತಿ ಇವತ್ತು ಚಾಲೂ ಇದೆಯೋ, ಬಂದ್ ಆಗಿದೆಯೋ ಅನ್ನುವುದು ಎರಡನೆಯ ಮಾತು. ಒಳಗೆ ಇದೆಯಾ ಇಲ್ವಾ, ಅದು ಕೊಳ್ಳುವವರಿಗೆ ಗೊತ್ತಾಗಬೇಕು.

ಹಾಡು ಕೇಳುವ ಯಂತ್ರಕ್ಕೆ ರೆಕಾರ್ಡಿಂಗ್ ಎಲ್ಲಿಂದ ಬಂತು ಅಂತ ನಿಮಗೆ ಅನ್ನಿಸಬಹುದು. ಕಾರಣ ಸರಳ. ಫೈಲಿನಲ್ಲಿರುವ ಅಂಕಿಗಳನ್ನು ದನಿಯಾಗಿಸುವ ಭಾಗ ಒಂದು. ದನಿಯನ್ನು ಅಂಕಿಗಳಾಗಿಸುವ ಭಾಗ ಇನ್ನೊಂದು. ಹಾಡು ಕೇಳಲು ಮೊದಲನೆಯದು ಸಾಕು. ಆದರೆ ಎಷ್ಟೋ ಚಿಪ್‌ಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಇಂಥ ಚಿಪ್ಪಿಗೆ ಕೋಡೆಕ್ ಅನ್ನುತ್ತಾರೆ. ಒಂದೇ ಚಿಪ್ಪನ್ನು ಲಕ್ಷಗಟ್ಟಲೆ ಮಾಡಿ ಎಲ್ಲ ಬಗೆಯ ಸಾಧನಗಳಿಗೂ ಮಾರಿದರೆ ಖರ್ಚು ಕಡಿಮೆ. ಹಾಗಾಗಿ ಪ್ಲೇಯರ್ ಮಾಡುವವರಿಗೆ ಬೇಕಿರಲಿ, ಬೇಡವಾಗಿರಲಿ, ಅರ್ಧ ರೆಕಾರ್ಡರ್ ಆಗಲೇ ಬೋರ್ಡಿನ ಮೇಲೆ ಕೂತಿರುತ್ತದೆ. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಅದನ್ನು ಹೇಳದೆ ಬಿಡುವುದರಲ್ಲಿ ತಪ್ಪಿದೆ.

ಎಲ್ಲರಿಗೂ ಗೊತ್ತಿರುವ ಪ್ಲೇಯರಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 2003ರಲ್ಲಿ ಬಂದ ಆಪಲ್‌ನ ಮೂರನೆಯ ಪೀಳಿಗೆಯ ಐಪಾಡ್‌ನಲ್ಲಿ ವುಲ್ಫ್‌ಸನ್ ಕಂಪನಿಯ ಡಬ್ಲ್ಯೂಎಂ8731 ಅನ್ನುವ ಕೋಡೆಕ್ ಇತ್ತು. ಆ ಚಿಪ್ ಸೆಕೆಂಡಿಗೆ 96,000 ಸ್ಯಾಂಪಲ್‌ಗಳವರೆಗೆ, ಅಂದರೆ ದನಿಯನ್ನು ಅಷ್ಟು ಸಲ ಅಳೆದು, ಒಳಗೆ ತೆಗೆದುಕೊಳ್ಳಬಲ್ಲದು. ಸಿಡಿಯ ಲೆಕ್ಕ 44,100 ಮಾತ್ರ. ಆದರೆ ಮೇಲೆ ಸಿಕ್ಕಿಸುವ ಮೈಕ್ ಕೊಂಡು ಆ ಐಪಾಡ್‌ನಲ್ಲಿ ರೆಕಾರ್ಡ್ ಮಾಡಿದವರಿಗೆ ಸಿಕ್ಕಿದ್ದು 8,000 ಸ್ಯಾಂಪಲ್, ಅದೂ ಮೋನೋ, ಎಡ ಬಲ ಬೇರೆಯಿಲ್ಲದ ಒಂದೇ ದನಿ. ಅಂದರೆ ಟೆಲಿಫೋನ್ ದನಿ. ಕೊರತೆ ಚಿಪ್ಪಿನದಲ್ಲ, ಕಂಪನಿಯ ಸಾಫ್ಟ್‌ವೇರ್ ಹಾಕಿದ ಬೇಲಿ. ಐಪಾಡ್‌ಲಿನಕ್ಸ್ ಅನ್ನುವ ಸ್ವಯಂಸೇವಕರ ಯೋಜನೆ ಬೇರೆ ಸಾಫ್ಟ್‌ವೇರ್ ಹಾಕಿ, ಅದೇ ಯಂತ್ರದಿಂದ ಇನ್ನೂ ಒಳ್ಳೆಯ ರೆಕಾರ್ಡಿಂಗ್ ತೆಗೆಯಬಹುದು ಅಂತ ತೋರಿಸಿತು. ಮುಂದೆ 2005ರ ವಿಡಿಯೊ ಐಪಾಡ್‌ನಲ್ಲಿ ಕಂಪನಿಯೇ ಸಿಡಿ ಗುಣಮಟ್ಟದ ಸ್ಟೀರಿಯೊ ರೆಕಾರ್ಡಿಂಗ್‌ಗೆ ಅವಕಾಶ ಕೊಟ್ಟಿತು.

ಆ ಐಪಾಡ್‌ನಲ್ಲಿ ಮೈಕ್ ಇರಲಿಲ್ಲ, ಹೊರಗಿಂದ ಸಿಕ್ಕಿಸಬೇಕಿತ್ತು, ನಿಜ. ಆದರೆ ಅಗ್ಗದ ಪ್ಲೇಯರ್‌ಗಳ ವಿಚಾರ ಬೇರೆ. ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿ. ಅಂಚಿನಲ್ಲಿ, ಯುಎಸ್‌ಬಿ ಕಿಂಡಿಯ ಆಸುಪಾಸಿನಲ್ಲಿ, ಸೂಜಿ ಮೊನೆ ಹಿಡಿಸುವಷ್ಟು ಒಂದು ತೂತು ಇರಬಹುದು. ಅದು ರೀಸೆಟ್ ಬಟನ್ನಿನ ತೂತಾಗಿರಬಹುದು, ಮೈಕಿನದ್ದೂ ಆಗಿರಬಹುದು. ಹೊರಗಿನಿಂದ ಎರಡೂ ಒಂದೇ ಥರ. ಹಿಂಬದಿಯ ಮುಚ್ಚಳ ಬಿಚ್ಚಿದರೆ ಮಾತ್ರ ಗೊತ್ತು. ತೂತಿನ ಹಿಂದೆ ಬೆಳ್ಳಿ ಬಣ್ಣದ ಪುಟಾಣಿ ಬಿಲ್ಲೆ, ಅದರ ಬೆನ್ನಿಗೆ ಎರಡು ಬೆಸುಗೆ ಚುಕ್ಕೆ ಇದ್ದರೆ ಅದು ಮೈಕ್. ಕೆಲವು ಬೋರ್ಡ್‌ಗಳಲ್ಲಿ ಬಿಲ್ಲೆ ಇರುವುದಿಲ್ಲ, ಬೆಸುಗೆಗೆ ಬಿಟ್ಟ ಜಾಗ ಮಾತ್ರ ಇರುತ್ತದೆ. ಬಿಲ್ಲೆ ಇದ್ದು, ಮೆನುವಿನಲ್ಲಿ ರೆಕಾರ್ಡ್ ಅನ್ನುವ ಮಾತೇ ಇಲ್ಲದಿದ್ದರೆ? ಮ್ಯಾನ್ಯುಯಲ್‌ನಲ್ಲೂ ಇಲ್ಲದಿದ್ದರೆ? ಕೊಂಡವರು ಸ್ಕ್ರೂಡ್ರೈವರ್ ಹಿಡಿದು ಕೂರಬೇಕಾ? ಬಿಚ್ಚಿದರೆ ವಾರಂಟಿ ಕಳೆದುಕೊಳ್ಳುವ ಭಯ ಬೇರೆ.

'ಅದನ್ನು ನಾವು ಬಳಸುತ್ತಿಲ್ಲವಲ್ಲ, ಯಾಕೆ ಬರೆಯಬೇಕು' ಅನ್ನುವ ಉತ್ತರ ತಯಾರಕರಿಂದ ಬರಬಹುದು. ನನಗೆ ಒಪ್ಪಿಗೆಯಾಗದ ಮಾತು ಇದೇ. ಸಾಫ್ಟ್‌ವೇರ್ ಬಂದ್ ಮಾಡಿದ್ದನ್ನು ಸಾಫ್ಟ್‌ವೇರೇ ಚಾಲೂ ಮಾಡಬಲ್ಲದು. 2008ರಲ್ಲಿ ಮಾರಾಟಕ್ಕೆ ಬಂದ ಐಪಾಡ್ ಟಚ್‌ನೊಳಗೆ ಬ್ಲೂಟೂತ್ ಚಿಪ್ ಸದ್ದಿಲ್ಲದೆ ಕೂತಿತ್ತು. ಮರುವರ್ಷ ಅಪ್‌ಡೇಟ್ ಬಂದಾಗ ಅದು ಕೆಲಸ ಶುರು ಮಾಡಿತು. ಅದರಿಂದ ಜನರಿಗೆ ಖುಷಿಯೇ ಆಯಿತು. ಮೈಕಿನ ವಿಚಾರದಲ್ಲಿ ಹಾಗಲ್ಲ. 2019ರ ಫೆಬ್ರವರಿಯಲ್ಲಿ ಗೂಗಲ್ ತನ್ನ ನೆಸ್ಟ್ ಗಾರ್ಡ್ ಅನ್ನುವ ಮನೆ ಕಾವಲಿನ ಸಾಧನಕ್ಕೆ ಮಾತಿನಿಂದಲೇ ಆದೇಶ ಕೊಡುವ ಸೌಲಭ್ಯ ಬರುತ್ತದೆ ಅಂತ ಹೇಳಿತು. ಆಗಲೇ ಜನರಿಗೆ ಗೊತ್ತಾಗಿದ್ದು, ತಾವು ಮನೆಯಲ್ಲಿ ಇಟ್ಟುಕೊಂಡ ಸಾಧನದಲ್ಲಿ ಮೊದಲಿನಿಂದಲೂ ಮೈಕ್ ಇತ್ತು ಅಂತ. ವಿವರಗಳ ಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಮೈಕ್ ಅಲ್ಲಿಯವರೆಗೆ ಚಾಲೂ ಇರಲಿಲ್ಲ, ಗುಟ್ಟು ಮಾಡುವ ಉದ್ದೇಶವಿರಲಿಲ್ಲ, ಪಟ್ಟಿಯಲ್ಲಿ ಬರೆಯದಿದ್ದದ್ದು ತಪ್ಪು ಅಂತ ಕಂಪನಿ ಹೇಳಿತು. ಅಮೆರಿಕದ ಸೆನೆಟರ್‌ಗಳು ಪತ್ರ ಬರೆದು ವಿವರಣೆ ಕೇಳಿದರು. ಕಂಪನಿಯ ಮಾತನ್ನು ನಂಬೋಣ. ಆದರೂ ಮನೆಯವರ ಮುಂದೆ ಇಡಬೇಕಾದ ವಿಷಯವನ್ನು ಇಡಲಿಲ್ಲ ಅನ್ನುವುದು ಹಾಗೇ ಉಳಿಯುತ್ತದೆ, ಅಲ್ವಾ?

ಪುಟ್ಟ ಪ್ಲೇಯರ್‌ನಿಂದ ಎಷ್ಟು ರೆಕಾರ್ಡ್ ಆದೀತು ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಆ ಟೆಲಿಫೋನ್ ಗುಣಮಟ್ಟದಲ್ಲಿ, ಒತ್ತದೆ ಕುಗ್ಗಿಸದೆ ಇಟ್ಟರೂ ಒಂದು ಗಂಟೆಗೆ 58 ಎಂಬಿಗಿಂತ ಜಾಸ್ತಿ ಬೇಡ. 4 ಜಿಬಿಯ ಪ್ಲೇಯರ್‌ನಲ್ಲಿ ಸುಮಾರು 69 ಗಂಟೆಯ ಮಾತು ಹಿಡಿಸುತ್ತದೆ. ಬ್ಯಾಟರಿ ಮೊದಲು ಖಾಲಿಯಾಗುತ್ತದೆ, ಜಾಗ ಅಲ್ಲ.

ಇದರಿಂದ ತೊಂದರೆಯಾಗುವುದು ಕೊಂಡವರಿಗೆ ಮಾತ್ರವಲ್ಲ. ಸಲಹೆಗಾರರ ಕೋಣೆ, ಸಭೆ ನಡೆಯುವ ಜಾಗ, ಇಂಥ ಕಡೆ ಫೋನ್ ಹೊರಗಿಡಿ ಅನ್ನುತ್ತಾರೆ. ಹಾಡು ಕೇಳುವ ಪ್ಲೇಯರ್ ಆದರೆ ಯಾರೂ ಕೇಳುವುದಿಲ್ಲ. ಮಕ್ಕಳಿಗೆ ಫೋನ್ ಬೇಡ ಅಂತ ಪ್ಲೇಯರ್ ಕೊಡಿಸುವ ತಂದೆ ತಾಯಿಯೂ ಅದೇ ನಂಬಿಕೆಯ ಮೇಲೆ ಕೊಡಿಸುತ್ತಾರೆ. ಈ ನಂಬಿಕೆಗೆಲ್ಲ ಆಧಾರ ಡಬ್ಬಿಯ ಮೇಲಿನ ನಾಲ್ಕು ಸಾಲು. ಆ ಸಾಲುಗಳೇ ಅರ್ಧಂಬರ್ಧ ಇದ್ದರೆ ಎದುರಿಗೆ ಕೂತು ಮನಸ್ಸು ಬಿಚ್ಚಿ ಮಾತಾಡುವವರನ್ನು ಯಾರು ಕಾಯಬೇಕು?

ಇನ್ನೊಂದು ವಿಷಯ ನಿಮ್ಮ ಕಚೇರಿಯ ತಾಂತ್ರಿಕ ತಜ್ಞರು ಗಮನಿಸಲಿ. ಮೈಕ್ ಇಲ್ಲ ಅಂದ ಮಾತ್ರಕ್ಕೆ ದನಿ ಒಳಗೆ ಬರುವುದಿಲ್ಲ ಅಂತಲ್ಲ. ಇಯರ್‌ಫೋನಿನ ತೆಳು ಪರದೆ ಕರೆಂಟಿಗೆ ಅಲುಗಾಡಿ ಸದ್ದು ಮಾಡುತ್ತದೆ. ಸದ್ದಿಗೆ ಅಲುಗಾಡಿದರೆ ಅದೇ ಪರದೆ ಕರೆಂಟ್ ಕೊಡುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿ ತೋರಿಸಿದರು. ರಿಯಲ್‌ಟೆಕ್ ಕಂಪನಿಯ ದನಿ ಚಿಪ್‌ನಲ್ಲಿ ದನಿ ಹೊರಹೋಗುವ ಜ್ಯಾಕನ್ನು ಸಾಫ್ಟ್‌ವೇರ್‌ನಿಂದಲೇ ದನಿ ಒಳಬರುವ ಜ್ಯಾಕ್ ಮಾಡಿ, ಬರೀ ಹೆಡ್‌ಫೋನಿನಿಂದ ಕೋಣೆಯ ಮಾತನ್ನು ರೆಕಾರ್ಡ್ ಮಾಡಿದರು. ಎಲ್ಲ ಪ್ಲೇಯರ್‌ನಲ್ಲೂ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿಯಮದಲ್ಲಿ ಬರೀ 'ಮೈಕ್' ಅಂತ ಬರೆದರೆ ಸಾಲದು. 'ದನಿ ಒಳಗೆ ತೆಗೆದುಕೊಳ್ಳುವ ಯಾವುದೇ ದಾರಿ' ಅಂತ ಇರಬೇಕು.

ದಯವಿಟ್ಟು ರೆಕಾರ್ಡಿಂಗನ್ನೇ ನಿಷೇಧಿಸುವ ಕಡೆ ಹೋಗಬೇಡಿ. ಪಾಠ ಹಿಡಿದಿಟ್ಟುಕೊಳ್ಳುವ ವಿದ್ಯಾರ್ಥಿಗಳು, ಅಜ್ಜಿಯ ಹಾಡು ಉಳಿಸಿಕೊಳ್ಳುವ ಮೊಮ್ಮಕ್ಕಳು, ಸುದ್ದಿಗಾರರು, ಕಣ್ಣು ಕಾಣದವರು, ಎಲ್ಲರಿಗೂ ಅದು ಬೇಕು. 2001ರಲ್ಲಿ ಆರ್ಕೋಸ್ ಕಂಪನಿಯ ಪ್ಲೇಯರ್‌ಗಳಿಗಾಗಿ ಶುರುವಾದ ರಾಕ್‌ಬಾಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಮೆನುಗಳನ್ನು ಓದಿ ಹೇಳುತ್ತದೆ, ಎಷ್ಟೋ ಪ್ಲೇಯರ್‌ಗಳಲ್ಲಿ ರೆಕಾರ್ಡಿಂಗನ್ನೂ ಕೊಡುತ್ತದೆ. ದುಡ್ಡು ಕೊಟ್ಟು ಕೊಂಡ ವಸ್ತುವಿನೊಳಗೆ ಇರುವುದನ್ನು ಬಳಸಿಕೊಂಡವರನ್ನು ತಪ್ಪಿತಸ್ಥರ ಥರ ನೋಡುವುದು ಸರಿಯಲ್ಲ. ಇದೆ ಅಂತ ಗೊತ್ತಾದರೆ ಬೇಕಾದವರು ಬಳಸುತ್ತಾರೆ, ಬೇಡದವರು ಬೇರೆ ಕೊಳ್ಳುತ್ತಾರೆ.

ಸರ್ಕಾರಗಳ ನಿಯಮವೇ ಕೆಲವೊಮ್ಮೆ ಬಚ್ಚಿಡಲು ಕಾರಣವಾಗುತ್ತದೆ ಅನ್ನುವುದೂ ನಿಮಗೆ ನೆನಪಿರಲಿ. ಯುರೋಪಿನಲ್ಲಿ, ಬೇರೆ ಸಾಧನದಿಂದ ಬರುವ ವಿಡಿಯೊವನ್ನೂ ರೆಕಾರ್ಡ್ ಮಾಡಿಕೊಳ್ಳುವ ಕ್ಯಾಮ್‌ಕಾರ್ಡರ್‌ಗೆ (ವಿಡಿಯೊ ಕ್ಯಾಮೆರಾಗೆ) ಸುಂಕ ಜಾಸ್ತಿ ಇತ್ತು. ಆದ್ದರಿಂದ ಕಂಪನಿಗಳು ಒಳಗೆ ಇದ್ದ ಆ ಸೌಲಭ್ಯವನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿ ಮಾರಿದವು. ಗೊತ್ತಿದ್ದವರು ಆಮೇಲೆ ತೆರೆದುಕೊಂಡರು. ಹಾಗಾಗಿ ಹೊಸ ನಿಯಮ ಬರೆಯುವಾಗ, ನಿಜ ಹೇಳಿದ ತಯಾರಕರ ಮೇಲೆ ಸುಂಕದ ಹೊರೆ ಬೀಳದ ಹಾಗೆ ನೋಡಿಕೊಳ್ಳಿ.

ನಾನು ಕೇಳುತ್ತಿರುವುದು ಅಸಾಧ್ಯವಾದ್ದೇನಲ್ಲ. ಡಬ್ಬಿಯ ಮೇಲೆ ಒಂದು ಸಾಲು: ದನಿ ಒಳಬರುವ ದಾರಿ ಇದೆಯೋ ಇಲ್ಲವೋ, ಇದ್ದರೆ ಚಾಲೂನೋ ಬಂದೋ. ಅಪ್‌ಡೇಟ್‌ನಿಂದ ಅದು ಬದಲಾಗುವುದಾದರೆ ಮೊದಲೇ ಕೇಳಿ, ಒಪ್ಪಿಗೆ ಪಡೆದು ಬದಲಿಸಬೇಕು. ಮೈಕ್ ಇದ್ದ ಕಡೆ ಅದರ ವಿದ್ಯುತ್ ದಾರಿಯಲ್ಲೇ ಒಂದು ಪುಟ್ಟ ದೀಪ ಇರಬೇಕು, ಸಾಫ್ಟ್‌ವೇರ್ ಆರಿಸಲಾಗದ ದೀಪ. ಮೈಕಿನ ವಿಚಾರವನ್ನು ಸಾಫ್ಟ್‌ವೇರ್‌ನ ಕೈಗೆ ಸಿಗದ ಹಾಗೆ ಮಾಡುವುದು ಆಗದ ಕೆಲಸ ಅಂತ ಯಾರಾದರೂ ಹೇಳಿದರೆ ಆಪಲ್‌ನ ಲ್ಯಾಪ್‌ಟಾಪ್‌ಗಳನ್ನು ತೋರಿಸಿ. 2018ರಿಂದ ಬಂದ ಕೆಲವು ಮಾಡೆಲ್‌ಗಳಲ್ಲಿ ಮುಚ್ಚಳ ಮುಚ್ಚಿದ ಕೂಡಲೇ ಮೈಕಿನ ಸಂಪರ್ಕ ಹಾರ್ಡ್‌ವೇರ್‌ನಲ್ಲೇ ಕಡಿದುಹೋಗುತ್ತದೆ.

ಕರಡು ನಿಯಮವನ್ನು ಸಾರ್ವಜನಿಕರ ಮುಂದೆ ಇಟ್ಟು ಆಕ್ಷೇಪಣೆ ಕೇಳಿ. ತಯಾರಕರೂ ಬರಲಿ, ರಿಪೇರಿ ಮಾಡುವವರೂ ಬರಲಿ, ಸುಮ್ನೆ ಹಾಡು ಕೇಳುವವರೂ ಬರಲಿ. ಕರಡು ಯಾವಾಗ ಬರುತ್ತದೆ ಅಂತ ನಿಮ್ಮ ಕಚೇರಿಯಿಂದ ಬಹಿರಂಗವಾಗಿಯೇ ಉತ್ತರ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕ